ನನ್ನ ಹೊಟ್ಟೆ ಕ್ಲೀನ್ ಇಲ್ಲ ಅಂದೋರು, ಆಮೇಲೆ ಅವ್ರ ಪೈಪೇ ಕ್ಲೀನ್ ಇರ್ಲಿಲ್ಲ ಅಂತ ಫೋನ್ ಮಾಡಿದ್ರು

ಕೊಲೊನೋಸ್ಕೋಪಿ, ಅಂದ್ರೆ ಸ್ಕೋಪ್ ಅನ್ನೋ ಕ್ಯಾಮೆರಾ ಪೈಪನ್ನ ಒಳಗೆ ತೂರಿಸಿ ದೊಡ್ಡ ಕರುಳು ನೋಡೋ ಪರೀಕ್ಷೆ, ಆಗಿ ಐದು ವಾರ ಆಗಿತ್ತು, ನಾನದನ್ನ ಹೆಚ್ಚೂಕಮ್ಮಿ ಮರ್ತೇಬಿಟ್ಟಿದ್ದೆ. ಹಿಂದಿನ ದಿನ ಕರುಳು ಖಾಲಿ ಆಗ್ಲಿ ಅಂತ ಕೊಡೋ ಆ ಉಪ್ಪುಪ್ಪು ದ್ರಾವಣ ಲೀಟರ್‌ಗಟ್ಲೆ ಕುಡಿದು ರಾತ್ರಿಯೆಲ್ಲಾ ಮಂಚಕ್ಕೂ ಬಾತ್‌ರೂಮಿಗೂ ಓಡಾಡಿದ್ದು ಬಿಟ್ರೆ ಮಿಕ್ಕಿದ್ದೇನೂ ನೆನಪಿಲ್ಲ, ಸೆಡೇಶನ್ ಕೊಟ್ಟಿದ್ರಲ್ಲ. ಎಚ್ಚರ ಆದ್ಮೇಲೆ ಡಾಕ್ಟ್ರು ಹೇಳಿದ್ದು ಎರಡೇ ಮಾತು. ಒಂದು ಸಣ್ಣ ಪಾಲಿಪ್, ಅಂದ್ರೆ ಕರುಳಿನ ಗೋಡೇಲಿ ಬೆಳೆಯೋ ಗಂಟು, ಇತ್ತು, ಕತ್ತರಿಸಿ ಬಯಾಪ್ಸಿಗೆ ಕಳ್ಸಿದೀವಿ. ಇನ್ನೊಂದು, ನಿಮ್ಮ ಹೊಟ್ಟೆ ಸರಿಯಾಗಿ ಕ್ಲೀನ್ ಆಗಿರ್ಲಿಲ್ಲ, ಒಂದಷ್ಟು ಜಾಗದಲ್ಲಿ ಕರುಳಿನ ಗೋಡೆನೇ ಕಾಣ್ಲಿಲ್ಲ, ಅದ್ಕೆ ಒಂದು ವರ್ಷದೊಳಗೆ ಮತ್ತೊಂದ್ಸಲ ಮಾಡ್ಬೇಕು. ಪರೀಕ್ಷೆಯಲ್ಲಿ ಫೇಲ್ ಆದ ಹಾಗೆ ಮುಖ ಸಣ್ಣದು ಮಾಡ್ಕೊಂಡು ಮನೆಗ್ ಬಂದಿದ್ದೆ.

ಫೋನ್ ಬಂದಾಗ ಆಫೀಸಲ್ಲಿದ್ದೆ. ನನ್ನ ಕೆಲಸ ಆಡಿಟ್, ಅಂದ್ರೆ ಬೇರೆಯವ್ರ ರಿಜಿಸ್ಟರು ವೋಚರು ತಿರುವಿ ಹಾಕಿ ಎಲ್ಲಿ ತಪ್ಪಿದೆ ಅಂತ ಹುಡ್ಕೋದು, ಇದು ಮುಂದೆ ಬರತ್ತೆ ಅದ್ಕೇ ಈಗ್ಲೇ ಹೇಳ್ದೆ. ಆ ಕಡೆ ಒಬ್ರು ಹಿರಿಯ ನರ್ಸು. "ಒಬ್ರೇ ಇದೀರಾ ಮೇಡಂ, ಎರಡು ನಿಮಿಷ ಮಾತಾಡ್ಬೋದಾ" ಅಂದ್ರು. ಈ ಮಾತು ಕೇಳಿದ್ರೆ ಯಾರಿಗಾದ್ರೂ ಹೊಟ್ಟೆ ತೊಳಸಲ್ವಾ. ಕ್ಯಾನ್ಸರ್ ಅಂತಾನೇ ಅಂದ್ಕೊಂಡೆ. "ಬಯಾಪ್ಸಿ ಏನೂ ತೊಂದ್ರೆ ಇಲ್ಲ, ಇದು ಬೇರೆ ವಿಷಯ, ನಿಮ್ಗೆ ಉಪಯೋಗಿಸಿದ ಸ್ಕೋಪನ್ನ ಶುದ್ಧ ಮಾಡೋ ಪ್ರೊಸೆಸ್‌ನಲ್ಲಿ ಒಂದು ಲೋಪ ಆಗಿರೋದು ಗೊತ್ತಾಗಿದೆ, ನಿಮ್ಗೆ ಸೋಂಕು ತಗುಲಿರೋ ಸಾಧ್ಯತೆ ತುಂಬಾ ಕಡಿಮೆ, ಆದ್ರೂ ಬ್ಲಡ್ ಟೆಸ್ಟ್ ಮಾಡಿಸ್ಬೇಕು" ಅಂದ್ರು. ಓದ್ಕೊಂಡು ಹೇಳ್ತಿದ್ರು ಅನ್ಸತ್ತೆ, ಉಸಿರು ತಗೊಳೋ ಜಾಗ ತಪ್ತಾ ಇತ್ತು. ನಂಗೆ ಮೊದ್ಲು ಬಂದಿದ್ದು ನಗು, ನಿಜವಾಗ್ಲೂ. ನನ್ನ ಹೊಟ್ಟೆ ಕ್ಲೀನ್ ಇಲ್ಲ ಅಂತ ಬೈದು ಕಳ್ಸಿದ್ರಲ್ಲ ಸ್ವಾಮಿ, ಈಗ ನಿಮ್ಮ ಪೈಪೇ ಕ್ಲೀನ್ ಇರ್ಲಿಲ್ಲ ಅಂತೀರಲ್ಲ. ಫೋನ್ ಇಟ್ಮೇಲೆ ಕೈ ನಡುಗೋಕೆ ಶುರುವಾಯ್ತು.

ಮಾರನೇ ದಿನ ಹೋದ್ವಿ, ನಾನೂ ಇವ್ರೂ. ಕಾರಿಡಾರಲ್ಲಿ ನಮ್ ಥರಾನೇ ಏಳೆಂಟು ಜನ ಕೂತಿದ್ರು, ಯಾರೂ ಯಾರ ಮುಖಾನೂ ನೋಡ್ತಿರ್ಲಿಲ್ಲ. ಒಳಗೆ ಸೋಂಕು ನಿಯಂತ್ರಣ ನೋಡ್ಕೊಳೋ ಡಾಕ್ಟ್ರು ಒಬ್ರು, ಫೋನ್ ಮಾಡಿದ ನರ್ಸು, ಮೇಜಿನ ಮೇಲೆ ಒಂದು ಸ್ಕೋಪು. ಸ್ಕೋಪನ್ನ ಎದುರಿಗಿಟ್ಟು ಮಾತಾಡಿದ್ದು ಒಳ್ಳೇದಾಯ್ತು, ಯಾಕಂದ್ರೆ ಅಲ್ಲೀವರೆಗೂ ನನ್ನ ತಲೇಲಿ ಅದು ಕ್ಯಾಮೆರಾ ಇರೋ ಒಂದು ವೈರು ಅಷ್ಟೇ ಆಗಿತ್ತು. ಅದು ಹಾಗಿಲ್ಲ. ಒಂದೂವರೆ ಮೀಟರಿಗೂ ಉದ್ದದ ಕಪ್ಪು ಕೊಳವೆ, ಒಳಗಡೆ ಮತ್ತೆ ನಾಲ್ಕೈದು ಕೊಳವೆ: ಗಾಳಿ ಊದೋಕೆ ಒಂದು, ಲೆನ್ಸ್ ತೊಳೆಯೋ ನೀರಿಗೆ ಒಂದು, ಹೀರ್ಕೊಳೋಕೆ ಒಂದು, ಕತ್ತರಿ ಇಕ್ಕಳ ಎಲ್ಲಾ ಅದ್ರ ಮೂಲಕಾನೇ ತೂರ್ಸೋದು, ಅದು ನಾಲ್ಕು ಮಿಲಿಮೀಟರ್ ಹತ್ರ ಅಗಲ. ಇದೆಲ್ಲದ್ರ ಜೊತೆ ಒಂದು ಮಿಲಿಮೀಟರ್ ಆಸುಪಾಸಿನ ಇನ್ನೊಂದು ದಾರಿ, ಕರುಳಲ್ಲಿ ಗಲೀಜಿದ್ರೆ ಜೋರಾಗಿ ನೀರು ಹಾಯಿಸಿ ತೊಳೆಯೋದಕ್ಕೆ. ಅಂದ್ರೆ ನನ್ನಂಥ ಫೇಲ್ ಆದ ಹೊಟ್ಟೆಯೋರಿಗೇ ಅದು ಜಾಸ್ತಿ ಬಳಕೆ ಆಗೋದು, ನೋಡಿ ಹೇಗಿದೆ ಗ್ರಹಚಾರ.

ಸ್ಕೋಪ್ ತೊಳೆಯೋ ಮಷಿನ್ ಒಂದಿರತ್ತೆ, ಅದ್ರಲ್ಲಿ ಸ್ಕೋಪ್ ಮಲಗ್ಸಿ, ಒಂದೊಂದು ತೂತಿಗೂ ಒಂದೊಂದು ಕನೆಕ್ಟರ್ ಸಿಕ್ಕಿಸಿದ್ರೆ ಆ ಕೊಳವೆಯೊಳಗೆ ಔಷಧಿ ಹರಿಯತ್ತೆ. ಹೊಸ ಮಾಡೆಲ್ ಸ್ಕೋಪ್ ಬಂದಾಗ ಈ ಸಣ್ಣ ನೀರಿನ ದಾರಿಗೆ ಬೇರೇನೇ ಕನೆಕ್ಟರ್ ಬೇಕಿತ್ತು, ಅದು ಪ್ಯಾಕೆಟ್ಟಲ್ಲಿ ಬಂದಿತ್ತು, ಡ್ರಾಯರಲ್ಲೇ ಇತ್ತು, ಯಾರೂ ಹಾಕಿರ್ಲಿಲ್ಲ. ಮಷಿನ್ ತಕರಾರು ಮಾಡ್ಲಿಲ್ಲ, ಹಸಿರು ಲೈಟ್ ತೋರ್ಸಿ ಪಾಸ್ ಅಂತ ಚೀಟಿ ಪ್ರಿಂಟ್ ಮಾಡ್ತಾನೇ ಇತ್ತು. ನಾಲ್ಕು ತಿಂಗಳು. ಹೊಸದಾಗಿ ಸೇರಿದ ಟೆಕ್ನಿಷಿಯನ್ ಒಬ್ಬ ಮೂರನೇ ದಿನ "ಈ ತೂತಿಗೆ ಏನು ಹಾಕೋದು" ಅಂತ ಕೇಳಿದ್ನಂತೆ, ಅಲ್ಲಿಗೆ ಹೊರಬಿತ್ತು. ಅವನು ಕೇಳ್ದೇ ಹೋಗಿದ್ರೆ ನಾನೂ ಈ ಕಥೆ ಬರೀತಿರ್ಲಿಲ್ಲ, ಬಹುಶಃ ಇವತ್ತಿಗೂ ಆ ಕನೆಕ್ಟರ್ ಡ್ರಾಯರಲ್ಲೇ ಇರ್ತಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ ಖಾಯಿಲೆ ಬಗ್ಗೆ ಅಲ್ಲ. "ಅದೇ ಸ್ಕೋಪು ನಂಗೇ ಹಾಕಿದ್ದು ಅಂತ ನಿಮ್ಗೆ ಹೇಗ್ ಗೊತ್ತು" ಅಂತ. ಆಡಿಟ್ ಬುದ್ಧಿ ಎಲ್ಲಿ ಹೋಗತ್ತೆ. ನರ್ಸು ಒಂದು ಉದ್ದ ರಿಜಿಸ್ಟರ್ ತಿರುಗ್ಸಿ ತೋರ್ಸಿದ್ರು, ಬೇರೆಯವ್ರ ಹೆಸ್ರ ಮೇಲೆ ಕಾಗದ ಇಟ್ಟು ಮುಚ್ಚಿ. ತಾರೀಖು, ನನ್ನ ಆಸ್ಪತ್ರೆ ನಂಬರು, ಸ್ಕೋಪ್ ನಂಬರ್ 7, ಮಷಿನ್ ಸೈಕಲ್ ನಂಬರು, ತೊಳೆದವ್ರ ಸಹಿ. ನೀಲಿ ಬಾಲ್‌ಪೆನ್ನು, 7ಕ್ಕೆ ನಡುವೆ ಅಡ್ಡಗೆರೆ ಹಾಕಿ ಬರ್ದಿದ್ರು 1 ಅಂತ ಓದ್ಬಾರ್ದು ಅಂತ. ಆ ಅಡ್ಡಗೆರೆ ನೋಡಿ ನಂಗೆ ಯಾಕೋ ಸಿಟ್ಟು ಅರ್ಧ ಇಳೀತು. ಇಷ್ಟು ಎಚ್ಚರಿಕೆಯಿಂದ ನಂಬರ್ ಬರೆಯೋ ಮನುಷ್ಯರು ಇರೋ ಜಾಗದಲ್ಲೂ ಹೀಗಾಗತ್ತೆ ಅಂದ್ರೆ, ರಿಜಿಸ್ಟರೇ ಇಲ್ಲದ ಕಡೆ ಏನೇನಾಗಿರತ್ತೋ, ಅದನ್ನ ಫೋನ್ ಮಾಡಿ ಹೇಳೋರಾದ್ರೂ ಯಾರು.

ಆಮೇಲೆ ಡಾಕ್ಟ್ರು ಲೆಕ್ಕ ಹೇಳಿದ್ರು. ಮೂರು ವೈರಸ್ಸು ನೋಡ್ತಾರೆ: ಲಿವರ್‌ಗೆ ತಗುಲೋ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮತ್ತೆ ಎಚ್‌ಐವಿ. ಆಸ್ಪತ್ರೆ ಸಿಬ್ಬಂದಿಗೆ ಸೋಂಕಿರೋ ರಕ್ತದ ಸೂಜಿ ಚುಚ್ಕೊಂಡ್ರೆ ಎಷ್ಟು ಅಪಾಯ ಅಂತ ಅವ್ರೆಲ್ಲಾ ಬಾಯಿಪಾಠ ಇಟ್ಕೊಂಡಿರ್ತಾರೆ, 30, 3, 0.3 ಅಂತ. ಲಸಿಕೆ ಹಾಕಿಸ್ಕೊಂಡಿಲ್ದೇ ಇದ್ರೆ ಬಿ ನೂರಕ್ಕೆ 30ರವರೆಗೂ, ಸಿ ಹೆಚ್ಚೂಕಮ್ಮಿ 3 ಅಥ್ವಾ ಅದಕ್ಕಿಂತ ಕಡಿಮೆ, ಎಚ್‌ಐವಿ ಸಾವಿರಕ್ಕೆ 3. ಅದು ನೇರ ಸೂಜಿ, ಸೋಂಕಿದೆ ಅಂತ ಗೊತ್ತಿರೋ ರಕ್ತ. ನನ್ನ ವಿಷ್ಯದಲ್ಲಿ ನನಗಿಂತ ಮುಂಚೆ ಆ ಸ್ಕೋಪ್ ಹಾಕಿಸ್ಕೊಂಡೋರಿಗೆ ಖಾಯಿಲೆ ಇರ್ಬೇಕು, ಅವ್ರ ರಕ್ತ ಆ ಸಣ್ಣ ದಾರಿಯೊಳಕ್ಕೆ ಹಿಂದಕ್ಕೆ ಹೋಗಿರ್ಬೇಕು, ಅಲ್ಲಿ ಜೀವ ಹಿಡ್ಕೊಂಡಿರ್ಬೇಕು, ಮತ್ತೆ ನನ್ನೊಳಗೆ ಗಾಯ ಆದ ಜಾಗಕ್ಕೇ ಬಂದು ಸೇರ್ಬೇಕು. ಇಷ್ಟೆಲ್ಲಾ ಸಾಲಾಗಿ ಆಗೋದು ಕಷ್ಟ. ಹಾಗಂತ ಅವ್ರೇನೂ ಆಗೋದೇ ಇಲ್ಲ ಅನ್ಲಿಲ್ಲ, ಅದು ನಂಗೆ ಹಿಡಿಸ್ತು. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲೂ ದೇಹದ ಹೊರಗೆ ಕಡಿಮೆ ಅಂದ್ರೂ ಏಳು ದಿನ ಬದುಕಿರತ್ತಂತೆ, ಮತ್ತೆ ನನ್ನಲ್ಲಿ ಪಾಲಿಪ್ ಕತ್ತರಿಸಿದ ಗಾಯ ಇತ್ತಲ್ಲ.

ವಿಂಡೋ ಪೀರಿಯಡ್ ಅನ್ನೋ ಪದ ಅಲ್ಲೇ ಸರಿಯಾಗಿ ಅರ್ಥ ಆಗಿದ್ದು. ಸೋಂಕು ಒಳಗೆ ಹೋಗಿದೆ, ಆದ್ರೆ ಟೆಸ್ಟಲ್ಲಿ ಇನ್ನೂ ಕಾಣಲ್ಲ, ಆ ನಡುವಿನ ಕಾಲ. ಆಂಟಿಜೆನ್ ಅಂದ್ರೆ ವೈರಸ್ಸಿನದೇ ಒಂದು ತುಣುಕು, ಆಂಟಿಬಾಡಿ ಅಂದ್ರೆ ಅದ್ರ ವಿರುದ್ಧ ನಮ್ಮ ಮೈ ತಯಾರಿಸೋ ಪ್ರೊಟೀನು. ಎಚ್‌ಐವಿಗೆ ಲ್ಯಾಬಲ್ಲಿ ಮಾಡೋ ಆಂಟಿಜೆನ್-ಆಂಟಿಬಾಡಿ ಟೆಸ್ಟ್ ಆದ್ರೆ 18ರಿಂದ 45 ದಿನ, ಹೆಪಟೈಟಿಸ್ ಸಿ ಆಂಟಿಬಾಡಿ ಮೂಡೋಕೆ 8ರಿಂದ 11 ವಾರ, ಆದ್ರೆ ವೈರಸ್ಸನ್ನೇ ಹುಡ್ಕೋ ಆರ್‌ಎನ್‌ಎ ಟೆಸ್ಟಲ್ಲಿ ಒಂದೆರಡು ವಾರಕ್ಕೇ ಸಿಗತ್ತೆ. ಹೆಪಟೈಟಿಸ್ ಬಿ ಸರ್ಫೇಸ್ ಆಂಟಿಜೆನ್ ಸರಾಸರಿ ನಾಲ್ಕು ವಾರ, ಕೆಲವ್ರಿಗೆ ಒಂಬತ್ತು. ಅದ್ಕೆ ಇವತ್ತೊಂದು, ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು, ಮೂರು ಸಲ ರಕ್ತ. ಇವತ್ತಿಂದು ಯಾಕೆ ಅಂದ್ರೆ, ನಾಳೆ ಏನಾದ್ರೂ ಪಾಸಿಟಿವ್ ಬಂದ್ರೆ ಅದು ಸ್ಕೋಪಿಂದ ಬಂದಿದ್ದಾ ಮೊದ್ಲೇ ಇತ್ತಾ ಅಂತ ಗೊತ್ತಾಗ್ಬೇಕಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಓಪನಿಂಗ್ ಬ್ಯಾಲೆನ್ಸು.

ರಕ್ತ ತಗೊಳೋ ಹುಡುಗಿ ಸೂಜಿ ಪ್ಯಾಕೆಟ್ ಹರಿಯೋದನ್ನ ಜೀವಮಾನದಲ್ಲಿ ಮೊದಲ್ನೇ ಸಲ ಕಣ್ಣು ಬಿಟ್ಕೊಂಡು ನೋಡಿದೆ. ಅವಳಿಗೆ ಗೊತ್ತಾಯ್ತು ಅನ್ಸತ್ತೆ, ಪ್ಯಾಕೆಟ್ಟನ್ನ ನನ್ನ ಮುಖದ ಹತ್ರ ತಂದು ಸೀಲ್ ತೋರ್ಸಿ ನಿಧಾನವಾಗಿ ಹರಿದ್ಳು. ರಕ್ತ ತಗೊಂಡಾದ್ಮೇಲೆ ಹೆಪಟೈಟಿಸ್ ಬಿ ಲಸಿಕೆ ಮೊದಲ ಡೋಸು ಹಾಕಿದ್ರು, ನಾನು ಯಾವತ್ತೂ ಹಾಕಿಸ್ಕೊಂಡೇ ಇರ್ಲಿಲ್ಲ, ಮಕ್ಳಿಗೆ ಹಾಕ್ಸಿದೀವಿ ನಮ್ಗೇನು ಅಂತ. ಇನ್ನೆರಡು ಡೋಸು ಒಂದು ತಿಂಗ್ಳಿಗೆ, ಆರು ತಿಂಗ್ಳಿಗೆ.

ಮನೆಗ್ ಬಂದು ಮಾಡಿದ ಮೊದ್ಲ ಕೆಲಸ ನನ್ನ ಬ್ರಷ್ಷನ್ನ ಎಲ್ಲರ ಬ್ರಷ್ ಇರೋ ಮಗ್ಗಿಂದ ತೆಗೆದು ಬೇರೆ ಕಡೆ ಇಟ್ಟಿದ್ದು. ಅವ್ರು ಕೊಟ್ಟಿದ್ದ ಕಾಗದದಲ್ಲಿ ಇಷ್ಟೇ ಇತ್ತು: ರೇಜರು, ಬ್ರಷ್ಷು, ಉಗುರು ಕತ್ತರಿ ಹಂಚ್ಕೋಬೇಡಿ, ರಕ್ತದಾನ ಮಾಡ್ಬೇಡಿ, ಗಂಡ ಹೆಂಡ್ತಿ ಕೂಡೋವಾಗ ಕಾಂಡೋಮ್ ಬಳಸಿ. ಜೊತೆಗೆ ಕೂತು ಊಟ ಮಾಡೋದು, ಮುಟ್ಟೋದು, ಅಪ್ಪಿಕೊಳೋದು ಇವಕ್ಕೆಲ್ಲಾ ಏನೂ ಆಗಲ್ಲ ಅಂತ ದಪ್ಪಕ್ಷರದಲ್ಲಿ ಬರ್ದಿದ್ರು. ಗೊತ್ತು, ಬುದ್ಧಿಗೆ ಗೊತ್ತು. ಆದ್ರೆ ಮಗಳು ಮಂಡಿ ತರಚ್ಕೊಂಡು ಬಂದಾಗ ತೊಳೆಯೋಕೆ ಕೈ ಮುಂದೆ ಹೋಗ್ಲಿಲ್ಲ, ಅಪ್ಪನ್ನ ಕರಿ ಹೋಗು ಅಂದೆ. ಅವಳಿಗೆ ಬೇಜಾರಾಯ್ತು. ಇವ್ರು ಏನೂ ಮಾತಾಡ್ದೆ ಗಾಯ ತೊಳೆದು ಬ್ಯಾಂಡೇಡ್ ಹಾಕಿ, ರಾತ್ರಿ ನನ್ನ ಬ್ರಷ್ಷು ತಂದು ಮಗ್ಗಿನ ಪಕ್ಕದಲ್ಲೇ ಇನ್ನೊಂದು ಲೋಟದಲ್ಲಿಟ್ರು, ಬೇರೆನೇ, ಆದ್ರೆ ಪಕ್ಕದಲ್ಲೇ.

ನಾಲ್ಕನೇ ದಿನ ರಿಪೋರ್ಟ್ ಬಂತು. ಎಚ್‌ಐವಿ ನಾನ್ ರಿಯಾಕ್ಟಿವ್, ಅಂದ್ರೆ ನೆಗೆಟಿವ್, ಹೆಪಟೈಟಿಸ್ ಬಿ ನಾನ್ ರಿಯಾಕ್ಟಿವ್, ಹೆಪಟೈಟಿಸ್ ಸಿ ಆಂಟಿಬಾಡಿ, ರಿಯಾಕ್ಟಿವ್.

ಆ ಒಂದು ಸಾಲು ಎಷ್ಟು ಸಲ ಓದಿದ್ನೋ. ನಾನ್ ಅನ್ನೋ ಪದ ಎಲ್ಲಾದ್ರೂ ಪ್ರಿಂಟಲ್ಲಿ ಬಿಟ್ಟೋಗಿದ್ಯಾ ಅಂತ ಪಿಡಿಎಫ್ ದೊಡ್ಡದು ಮಾಡಿ ನೋಡ್ದೆ. ಪಕ್ಕದಲ್ಲಿ ಒಂದು ನಂಬರ್ ಇತ್ತು, 1.3, ಒಂದರ ಮೇಲಿದ್ರೆ ರಿಯಾಕ್ಟಿವ್ ಅಂತೆ. ಫೋನ್ ಮಾಡಿದ್ರೆ ಅದೇ ನರ್ಸು, "ಗಾಬರಿ ಆಗ್ಬೇಡಿ, ಇದು ಗಡಿ ಹತ್ರದ ವ್ಯಾಲ್ಯೂ, ಸುಳ್ಳು ಪಾಸಿಟಿವ್ ಇರ್ಬೋದು, ಆರ್‌ಎನ್‌ಎ ಟೆಸ್ಟು ಮಾಡಿದ್ರೆ ಗೊತ್ತಾಗತ್ತೆ" ಅಂದ್ರು. ಮತ್ತೆ ರಕ್ತ ಕೊಟ್ಟೆ, ಮತ್ತೆ ನಾಲ್ಕು ದಿನ.

ಆ ನಾಲ್ಕು ದಿನದಲ್ಲಿ ನಾನು ಮಾಡಿದ್ದು ಓದೋದೊಂದೇ. ಇವ್ರು ಬೈದ್ರು, ಓದಿ ಓದಿ ತಲೆ ಕೆಡಿಸ್ಕೋಬೇಡ ಅಂತ, ಆದ್ರೆ ನಂಗೆ ಲೆಕ್ಕ ಗೊತ್ತಿಲ್ದೇ ಕೂತ್ರೆ ತಲೆ ಇನ್ನೂ ಕೆಡೋದು. ಓದ್ತಾ ಹೋದ್ರೆ ಒಂದೊಂದೂ ಒಂದೊಂದು ಥರ. ಈಜಿಪ್ಟಲ್ಲಿ 1950ರ ದಶಕದಿಂದ 80ರ ದಶಕದ ಆರಂಭದವರೆಗೂ ಸರ್ಕಾರಾನೇ ಮುಂದೆ ನಿಂತು ಹಳ್ಳಿಹಳ್ಳೀಲಿ ಶಿಸ್ಟೊಸೋಮಿಯಾಸಿಸ್ ಅನ್ನೋ ಪರಾವಲಂಬಿ ರೋಗಕ್ಕೆ ಇಂಜೆಕ್ಷನ್ ಕೊಡಿಸ್ತಂತೆ, ಗಾಜಿನ ಸಿರಿಂಜು, ಸರಿಯಾಗಿ ಶುದ್ಧ ಮಾಡ್ದೇ ಒಬ್ರಿಂದೊಬ್ರಿಗೆ, ಒಂದು ರೋಗ ವಾಸಿ ಮಾಡೋಕೆ ಹೋಗಿ ಲಕ್ಷಾಂತರ ಜನಕ್ಕೆ ಹೆಪಟೈಟಿಸ್ ಸಿ ಹಂಚಿದ್ರು, ಆಗ ಆ ವೈರಸ್ಸಿಗೆ ಹೆಸ್ರೂ ಇರ್ಲಿಲ್ಲ, ಅದನ್ನ ಗುರುತು ಹಿಡಿದಿದ್ದೇ 1989ರಲ್ಲಿ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಸಿರಿಂಜ್ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಎಷ್ಟೋ ಜನ ಸತ್ರು. ಕಾಂಬೋಡಿಯಾದ ರೋಕಾ ಅನ್ನೋ ಕಡೆ 2014ರ ಕೊನೇಲಿ ಗೊತ್ತಾಗಿದ್ದು, 200ಕ್ಕೂ ಜಾಸ್ತಿ ಜನಕ್ಕೆ ಎಚ್‌ಐವಿ, ಲೈಸೆನ್ಸ್ ಇಲ್ಲದ ಒಬ್ಬನ ಸೂಜಿಯಿಂದ. ಪಾಕಿಸ್ತಾನದ ರತೊಡೇರೋದಲ್ಲಿ 2019ರಲ್ಲಿ ನೂರಾರು ಜನಕ್ಕೆ, ಬಹುಪಾಲು ಮಕ್ಕಳು, ಇದನ್ನ ಓದಿದ್ಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ 2010ರ ಒಂದೇ ವರ್ಷದಲ್ಲಿ ಅಸುರಕ್ಷಿತ ಇಂಜೆಕ್ಷನ್‌ಗಳಿಂದ 17 ಲಕ್ಷದವರೆಗೂ ಹೆಪಟೈಟಿಸ್ ಬಿ, 3.15 ಲಕ್ಷದವರೆಗೂ ಹೆಪಟೈಟಿಸ್ ಸಿ, 33,800ರವರೆಗೂ ಎಚ್‌ಐವಿ. ಒಂದ್ಸಲ ಒತ್ತಿದ್ರೆ ಲಾಕ್ ಆಗಿ ಮತ್ತೆ ಎಳೆಯೋಕೇ ಆಗದ ಸಿರಿಂಜುಗಳನ್ನ ಬಳಸಿ ಅಂತ ಅವ್ರು 2015ರಲ್ಲಿ ಎಲ್ಲಾ ದೇಶಗಳಿಗೂ ಹೇಳಿದ್ದು ಸುಮ್ನೆ ಅಲ್ಲ.

ನಂಗೆ ಚಿಕ್ಕಂದಿನಲ್ಲಿ ನೋಡಿದ್ದು ನೆನಪಿದೆ, ಸ್ಟೀಲ್ ಡಬ್ಬೀಲಿ ಗಾಜಿನ ಸಿರಿಂಜು ಸೂಜಿ ಎಲ್ಲಾ ಕೊತಕೊತ ಕುದೀತಾ ಇರೋದು, ಡಾಕ್ಟ್ರು ಇಕ್ಕಳದಲ್ಲಿ ಎತ್ತಿ ಜೋಡ್ಸೋದು. ಕುದಿಸಿದ್ರೆ ಎಲ್ಲಾ ಸಾಯತ್ತೆ ಅಂತಾನೇ ನಾನು ಇಷ್ಟು ವರ್ಷ ನಂಬಿದ್ದು. ಸಾಯಲ್ಲ. ಕೆಲವು ಬ್ಯಾಕ್ಟೀರಿಯಾ ಸ್ಪೋರ್ ಅಂತ ಗಟ್ಟಿ ಚಿಪ್ಪು ಕಟ್ಕೊಂಡು ಕೂತ್ಬಿಡತ್ತೆ, ನೂರು ಡಿಗ್ರಿ ನೀರು ಅದಕ್ಕೆ ಸಾಲಲ್ಲ, ಒತ್ತಡದ ಹಬೇಲಿ 121 ಡಿಗ್ರಿ ಸೆಲ್ಸಿಯಸ್ಸಲ್ಲಿ ಕಾಲು ಗಂಟೆ ಅಥ್ವಾ 134ರಲ್ಲಿ ಮೂರು ನಿಮಿಷ ಇಡ್ಬೇಕು, ಅದೇ ಆಟೋಕ್ಲೇವ್. ಹಾಗಿದ್ರೆ ನನ್ನ ಸ್ಕೋಪನ್ನೂ ಆಟೋಕ್ಲೇವಲ್ಲಿ ಹಾಕ್ಬೋದಿತ್ತಲ್ಲ ಅಂದ್ರೆ, ಆಗಲ್ಲ, ಕ್ಯಾಮೆರಾ, ರಬ್ಬರು, ಅಂಟು, ಎಲ್ಲಾ ಹಾಳಾಗಿ ಹೋಗತ್ತೆ, 60 ಡಿಗ್ರಿ ದಾಟಿದ್ರೇ ಅದಕ್ಕೆ ಆಗ್ಬರಲ್ಲ. ಅದ್ಕೇ ಔಷಧಿ ನೀರಲ್ಲಿ ಮುಳುಗಿಸೋದು. ಸ್ಪಾಲ್ಡಿಂಗ್ ಅಂತ ಒಬ್ರು ಅರ್ಧ ಶತಮಾನಕ್ಕೂ ಹಿಂದೆ ಒಂದು ವಿಂಗಡಣೆ ಮಾಡಿಟ್ಟಿದ್ದಾರೆ, ಇವತ್ತಿಗೂ ಅದೇ ನಡೀತಿರೋದು: ರಕ್ತಕ್ಕೆ, ಅಂಗಾಂಶದ ಒಳಕ್ಕೆ ಹೋಗೋ ಸಾಮಾನು ಪೂರ್ತಿ ಸ್ಟೆರೈಲ್, ಅಂದ್ರೆ ಸ್ಪೋರ್ ಕೂಡ ಉಳೀದ ಹಾಗೆ, ಇರ್ಲೇಬೇಕು, ಕರುಳು ಗಂಟಲು ಥರದ ಒಳಪದರ ಮುಟ್ಟೋದಕ್ಕೆ ಹೈ ಲೆವೆಲ್ ಡಿಸಿನ್ಫೆಕ್ಷನ್, ಅಂದ್ರೆ ಒಂದಷ್ಟು ಸ್ಪೋರ್ ಬಿಟ್ಟು ಮಿಕ್ಕೆಲ್ಲಾ ಕ್ರಿಮಿ ಕೊಲ್ಲೋದು, ಸಾಕು, ಬರೀ ಚರ್ಮ ಮುಟ್ಟೋ ಬಿಪಿ ಪಟ್ಟಿಯಂಥವು ಒರೆಸಿದ್ರೂ ನಡಿಯತ್ತೆ. ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ಕರುಳಿನ ಒಳಪದರ ಮುಟ್ಟೋಕೆ ಅಂತ ಹೋದ ಸ್ಕೋಪು ಅಲ್ಲೇ ಪಾಲಿಪ್ ಕತ್ತರಿಸಿ ರಕ್ತ ಬರ್ಸಿದ್ರೆ ಅದು ಯಾವ ಸಾಲಿಗೆ ಸೇರತ್ತೆ? ಈ ಪ್ರಶ್ನೆ ಕೇಳ್ದಾಗ ಡಾಕ್ಟ್ರು ಒಂದು ಕ್ಷಣ ಸುಮ್ನಿದ್ದು, "ಇದ್ರ ಬಗ್ಗೆ ನಮ್ಮಲ್ಲೂ ವಾದ ನಡೀತಾನೇ ಇದೆ" ಅಂದ್ರು. ಕತ್ತರಿಸೋ ಇಕ್ಕಳ ಮಾತ್ರ ಪ್ರತಿಯೊಬ್ರಿಗೂ ಹೊಸದು, ಬಳಸಿ ಬಿಸಾಡೋದು, ಅದು ಸಮಾಧಾನ.

ಪಿತ್ತನಾಳ ನೋಡೋ ಡುವೊಡೆನೋಸ್ಕೋಪ್ ಅಂತ ಇನ್ನೊಂದಿದೆ, ಅದ್ರ ತುದೀಲಿ ಸಣ್ಣ ಎತ್ತುಗೋಲು ಇರತ್ತೆ, ಆ ಸಂದೀಲಿ ಗಲೀಜು ಸಿಕ್ಕಾಕೊಂಡು ಬ್ರಷ್ಷಿಗೇ ಸಿಗಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಅದ್ರ ಮೂಲಕ ಹರಡಿ ಅಮೆರಿಕದಲ್ಲಿ ರೋಗಿಗಳು ಸತ್ತಿದ್ದಕ್ಕೆ ಅಲ್ಲಿನ ಔಷಧಿ, ವೈದ್ಯಕೀಯ ಸಾಧನ ನಿಯಂತ್ರಿಸೋ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆ ಕೊಡ್ತು, ಅದೂ ಹೇಗೆ, ಕಂಪನಿ ಹೇಳಿದ ಹಾಗೇನೇ ತೊಳೆದಿದ್ರೂ ಉಳ್ಕೋಬೋದು ಅಂತ. 2019ರಲ್ಲಿ ತುದಿ ಬಿಚ್ಚಿ ಬಿಸಾಡೋ ಥರದ ಸ್ಕೋಪಿಗೆ ಬದಲಾಯಿಸ್ಕೊಳಿ ಅಂದ್ರು. ತೊಳೆಯೋರ್ದು ತಪ್ಪಿಲ್ಲ, ತೊಳೆಯೋಕಾಗ್ದೇ ಇರೋ ಹಾಗೆ ಮಾಡಿದೋರ್ದು ತಪ್ಪು.

ಆರ್‌ಎನ್‌ಎ ರಿಪೋರ್ಟ್ ಬಂತು, ನಾಟ್ ಡಿಟೆಕ್ಟೆಡ್. ಆಂಟಿಬಾಡಿ ಟೆಸ್ಟು ಯಾವುದೋ ಬೇರೆ ಪ್ರೊಟೀನ್ ನೋಡಿ ಮೋಸ ಹೋಗಿರ್ಬೋದು, ಇಲ್ಲಾ ಯಾವತ್ತೋ ಬಂದು ತಾನಾಗೇ ವಾಸಿಯಾಗಿರ್ಬೋದು, ಎರಡ್ರಲ್ಲಿ ಯಾವುದಾದ್ರೂ ಈಗ ವೈರಸ್ಸಿಲ್ಲ. ಒಂದ್ವೇಳೆ ವೈರಸ್ ಇದ್ದಿದ್ರೂ ಈಗ ಹೆಪಟೈಟಿಸ್ ಸಿಗೆ 8ರಿಂದ 12 ವಾರದ ಮಾತ್ರೆ ಇದೆ, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ವಾಸಿ ಆಗ್ತಾರೆ ಅಂತ ನರ್ಸು ಆಮೇಲೆ ಹೇಳಿದ್ರು. ಇದನ್ನ ನಾಲ್ಕು ದಿನ ಮುಂಚೆ ಹೇಳಿದ್ರೆ ಏನ್ ಗಂಟು ಹೋಗ್ತಿತ್ತಮ್ಮ ಅಂದೆ. ಅವ್ರು ಸಾರಿ ಅಂದ್ರು. ಪಾಪ, ಆ ವಾರ ಅವ್ರು ನನ್ನಂಥ ನೂರು ಜನಕ್ಕೆ ಸಾರಿ ಹೇಳಿದ್ರೋ ಏನೋ.

ಎರಡನೇ ರೌಂಡ್ ರಕ್ತಕ್ಕೆ ಹೋದಾಗ, ಮೂರು ತಿಂಗಳಾದ್ಮೇಲೆ, ಒಂದು ವಿನಂತಿ ಮಾಡ್ಕೊಂಡೆ, ಆ ತೊಳೆಯೋ ಕೋಣೆ ನೋಡ್ಬೇಕು ಅಂತ. ಬೇಡ ಅಂತಾರೆ ಅಂದ್ಕೊಂಡಿದ್ದೆ, ಗೌನು ಶೂ ಕವರು ಹಾಕ್ಸಿ ಕರ್ಕೊಂಡೋದ್ರು. ಆ ಪ್ರಶ್ನೆ ಕೇಳಿದ್ದ ಹೊಸ ಹುಡುಗನೇ ತೋರ್ಸಿದ್ದು. ಕೋಣೆ ಎರಡು ಭಾಗ, ಒಂದ್ಕಡೆಯಿಂದ ಗಲೀಜು ಬರತ್ತೆ ಇನ್ನೊಂದ್ಕಡೆಯಿಂದ ಶುದ್ಧ ಹೋಗತ್ತೆ, ಎರಡೂ ಎದುರುಬದುರು ಆಗೋ ಹಾಗಿಲ್ಲ. ಆಗಷ್ಟೇ ಒಂದು ಸ್ಕೋಪ್ ಬಂದಿತ್ತು. ನಾನು ಮಷಿನ್ನೇ ಎಲ್ಲಾ ಮಾಡತ್ತೆ ಅಂದ್ಕೊಂಡಿದ್ದೆ, ಮಷಿನ್ನಿಗೆ ಹೋಗೋ ಮುಂಚೆ ಕೈಯಲ್ಲಿ ಎಷ್ಟು ಕೆಲಸ! ರೋಗಿ ಪಕ್ಕದಲ್ಲೇ ಒಂದ್ಸಲ ಒರೆಸಿ ಸೋಪಿನ ನೀರು ಹೀರಿಸಿ ಕಳ್ಸಿರ್ತಾರೆ, ಒಣಗಿದ್ರೆ ಅಂಟ್ಕೊಂಡ್ಬಿಡತ್ತೆ ಅಂತ. ಆಮೇಲೆ ನೀರಲ್ಲಿ ಮುಳುಗ್ಸಿ ಗಾಳಿ ತುಂಬಿ ಎಲ್ಲಾದ್ರೂ ಗುಳ್ಳೆ ಬರತ್ತಾ ನೋಡಿದ, ಸೈಕಲ್ ಟ್ಯೂಬ್ ಪಂಕ್ಚರ್ ನೋಡೋ ಥರಾನೇ. ಆಮೇಲೆ ಬ್ರಷ್ಷು. ಉದ್ದನೇ ತಂತಿ, ತುದೀಲಿ ಬೆರಳುಗುರಿನಷ್ಟು ಬಿರುಗೂದಲು, ಒಂದ್ಕಡೆ ತೂರಿಸ್ದ, ತಳ್ತಾ ತಳ್ತಾ ಹೋಗಿ ಆ ತುದೀಲಿ ಹೊರಬಂತು, ಬಂದಿದ್ದು ಕಂದು ಬಣ್ಣದ್ದು. ನೀರಲ್ಲಿ ಅಲ್ಲಾಡ್ಸಿ ಎಳ್ಕೊಂಡು ಮತ್ತೆ ತೂರಿಸ್ದ. ಎರಡನೇ ಸಲ ತಿಳಿ ಹಳದಿ. ಮೂರನೇ ಸಲ ಬೆಳ್ಳಗೆ. "ಆಯ್ತಲ್ಲ" ಅಂದೆ. "ಇಲ್ಲ ಮೇಡಂ, ಬೆಳ್ಳಗೆ ಬಂದ್ಮೇಲೆ ಇನ್ನೊಂದ್ಸಲ" ಅಂತ ಮತ್ತೆ ತೂರಿಸ್ದ. ಗಲೀಜಿನ ಮೇಲೆ ಎಂಥಾ ಔಷಧಿ ಸುರಿದ್ರೂ ಒಳಗಿನ ಕ್ರಿಮಿಗೆ ತಾಗಲ್ಲ, ಗಲೀಜೇ ಅದಕ್ಕೆ ಕೊಡೆ ಹಿಡಿಯತ್ತೆ, ಮೊದ್ಲು ಉಜ್ಜಿ ತೆಗೀಬೇಕು ಆಮೇಲೆ ಕೊಲ್ಬೇಕು ಅಂತ ಅವನೇ ಹೇಳಿದ್ದು.

ನನ್ನ ದಾರಿಗೆ, ಅಂದ್ರೆ ಆ ಒಂದು ಮಿಲಿಮೀಟರಿನದಕ್ಕೆ, ಬ್ರಷ್ಷೇ ಹೋಗಲ್ಲ. ಅದಕ್ಕೆ ಸಿರಿಂಜಲ್ಲಿ ಸೋಪಿನ ನೀರು ಒತ್ತಿ ಒತ್ತಿ ಹಾಯಿಸ್ಬೇಕು, ಆಮೇಲೆ ಮಷಿನ್ನಲ್ಲಿ ಆ ಕನೆಕ್ಟರು. ಡ್ರಾಯರಲ್ಲಿ ನಾಲ್ಕು ತಿಂಗಳು ಮಲಗಿದ್ದ ಕನೆಕ್ಟರನ್ನ ಕೈಗೆ ಕೊಟ್ಟ, ನೋಡಿ ಅಂತ. ಪೆನ್ನಿನ ಕ್ಯಾಪಿಗಿಂತ ಚಿಕ್ಕದು, ನೀಲಿ ಬಣ್ಣ, ಜೋರಾಗಿ ಊದಿದ್ರೆ ಹಾರಿಹೋಗೋ ಅಷ್ಟು ಹಗುರ. ಈಗ ಅದನ್ನ ಮಷಿನ್ನಿಗೇ ಸರಪಳಿ ಹಾಕಿ ಕಟ್ಟಿದಾರೆ, ಗೋಡೆ ಮೇಲೆ ಒಂದೊಂದು ಮಾಡೆಲ್ಲಿಗೂ ಫೋಟೋ ಅಂಟ್ಸಿದಾರೆ, ಇಬ್ರು ನೋಡಿ ಸಹಿ ಮಾಡ್ದೇ ಮಷಿನ್ ಬಾಗ್ಲು ಹಾಕೋ ಹಾಗಿಲ್ಲ. ಕೊನೇಲಿ ಒಣಗಿಸೋದು, ಅದಕ್ಕೇ ಒತ್ತಡದ ಗಾಳಿ ಬಿಟ್ಟು ಹತ್ತು ನಿಮಿಷ, ಒಳಗೆ ತೇವ ಉಳಿದ್ರೆ ರಾತ್ರೋರಾತ್ರಿ ಬ್ಯಾಕ್ಟೀರಿಯಾ ಮತ್ತೆ ಬೆಳ್ಕೊಂಡು ಲೋಳೆ ಪದರ ಕಟ್ಟತ್ತಂತೆ, ತೊಳೆದಿದ್ದೆಲ್ಲಾ ನೀರಲ್ಲಿ ಹೋಮ. ನಾನು ಅರ್ಧ ಗಂಟೆ ನಿಂತಿದ್ದೆ, ಒಂದು ಸ್ಕೋಪ್ ಇನ್ನೂ ಮುಗ್ದಿರ್ಲಿಲ್ಲ, ಅಷ್ಟ್ರಲ್ಲಿ ಹೊರಗಿಂದ ಎರಡು ಸಲ ಫೋನು, ಮುಂದಿನ ಪೇಷಂಟ್ ಟೇಬಲ್ ಮೇಲಿದಾರೆ ಸ್ಕೋಪ್ ಎಲ್ಲಿ ಅಂತ. ಆ ಫೋನಲ್ಲೇ ಎಲ್ಲಾ ಇದೆ ಅನ್ನಿಸ್ತು. ನಾನು ನೋಡಿರೋ ಲೆಕ್ಕದ ತಪ್ಪುಗಳೆಲ್ಲಾ ಇಂಥ ಫೋನ್ ಬಂದ ಹೊತ್ತಲ್ಲೇ ಆಗಿರೋದು.

ಆಮೇಲಿಂದ ನಂಗೊಂದು ಚಟ ಅಂಟ್ಕೊಂಡಿದೆ. ಹಲ್ಲಿನ ಡಾಕ್ಟ್ರ ಹತ್ರ ಹೋದ್ರೆ ಇಕ್ಕಳ ಕನ್ನಡಿ ಇರೋ ಪೌಚನ್ನ ನನ್ನೆದುರಿಗೇ ಹರೀತಾರಾ ನೋಡ್ತೀನಿ, ಪೌಚಿನ ಮೇಲಿನ ಗುರುತು ಆಟೋಕ್ಲೇವಲ್ಲಿ ಬಣ್ಣ ಬದಲಾಯ್ಸಿದ್ಯಾ ನೋಡ್ತೀನಿ. ಆ ಬಣ್ಣ ಹೇಳೋದು ಈ ಪೌಚು ಬಿಸಿ ಕಂಡಿದೆ ಅಂತ ಮಾತ್ರ, ಒಳಗೆ ಎಲ್ಲಾ ಸತ್ತಿದೆ ಅಂತಲ್ಲ, ಅದಕ್ಕೆ ಸ್ಪೋರ್ ಟೆಸ್ಟ್ ಅಂತ ಬೇರೆ ಮಾಡ್ತಾರೆ, ಗಟ್ಟಿ ಜೀವದ ಸ್ಪೋರ್‌ಗಳನ್ನ ಆಟೋಕ್ಲೇವೊಳಗೆ ಇಟ್ಟು ಆಮೇಲೆ ಬೆಳೆಯತ್ತಾ ನೋಡೋದು. ಹಲ್ಲಿನ ಡಾಕ್ಟ್ರಿಗೆ ಸ್ಪೋರ್ ಟೆಸ್ಟ್ ಎಷ್ಟು ದಿನಕ್ಕೆ ಮಾಡ್ತೀರಾ ಅಂತ ಕೇಳಿದೆ. ವಾರಕ್ಕೊಂದ್ಸಲ ಅಂದ್ರು, ಫೈಲ್ ತೋರ್ಸಿದ್ರು, ಸ್ವಲ್ಪ ಖುಷಿಯಿಂದಾನೇ ತೋರ್ಸಿದ್ರು, ಇಲ್ಲೀತನಕ ಯಾರೂ ಕೇಳೇ ಇಲ್ಲ ಮೇಡಂ ಅಂತ. ಇವ್ರು ಹೊರಗ್ ಬಂದ್ಮೇಲೆ ಇನ್ನು ನಿನ್ನ ಜೊತೆ ಎಲ್ಲೂ ಬರಲ್ಲ ಅಂದ್ರು.

ಮೂರು ತಿಂಗಳ ಟೆಸ್ಟಲ್ಲಿ ಎಲ್ಲಾ ನೆಗೆಟಿವ್, ಹೆಪಟೈಟಿಸ್ ಸಿ ಆಂಟಿಬಾಡಿನೂ ನಾನ್ ರಿಯಾಕ್ಟಿವ್, ಮೊದ್ಲ ಸಲದ್ದು ಸುಳ್ಳು ಪಾಸಿಟಿವ್ವೇ ಇರ್ಬೇಕು ಅಂದ್ರು. ಆರು ತಿಂಗಳ ಟೆಸ್ಟೂ ಹಾಗೇ. ಲಸಿಕೆ ಮೂರೂ ಡೋಸ್ ಮುಗಿದು ಒಂದು ತಿಂಗಳಿಗೆ ಆಂಟಿಬಾಡಿ ನೋಡಿದ್ರೆ ಹತ್ತು ಯೂನಿಟ್ ಇದ್ರೆ ಸಾಕು ಅನ್ನೋ ಕಡೆ ನಂದು ನೂರರ ಮೇಲಿತ್ತು. ಲೋಟದಲ್ಲಿದ್ದ ಬ್ರಷ್ಷು ಮಗ್ಗಿಗೆ ವಾಪಸ್ ಹೋಯ್ತು, ಮಗಳೇ ಹಾಕಿದ್ದು. ನಮ್ ಜೊತೆ ಆ ಕಾರಿಡಾರಲ್ಲಿ ಕೂತಿದ್ದೋರಿಗೆಲ್ಲಾ ಏನಾಯ್ತು ಅಂತ ಕೇಳ್ದೆ, ಸ್ಕೋಪಿಂದ ಬಂದಿದ್ದು ಅನ್ನೋ ಥರದ್ದು ಯಾರಿಗೂ ಇಲ್ಲ ಅಂದ್ರು, ಬೇರೆಯವ್ರ ವಿವರ ಹೇಳೋ ಹಾಗಿಲ್ಲ ಅಂತಾನೂ ಅಂದ್ರು, ಸರಿನೇ.

ಮತ್ತೆ ಕೊಲೊನೋಸ್ಕೋಪಿ ಬಾಕಿ ಇತ್ತಲ್ಲ. ಮನೇಲಿ ಎಲ್ರೂ ಬೇರೆ ಆಸ್ಪತ್ರೆಗೆ ಹೋಗು ಅಂದ್ರು. ನಾನು ಅಲ್ಲಿಗೇ ಹೋದೆ. ಯಾಕೆ ಅಂತ ಇವ್ರಿಗೆ ಎರಡು ದಿನ ವಾದ ಮಾಡಿ ಹೇಳ್ಬೇಕಾಯ್ತು, ತಪ್ಪು ಬರ್ದಿಟ್ಟಿರೋ ಪುಸ್ತಕ ನಾನು ನೋಡಿರೋದು ಅಲ್ಲೊಂದೇ, ತಪ್ಪೇ ಇಲ್ಲದ ಪುಸ್ತಕ ತೋರ್ಸೋರ ಮೇಲೆ ನಂಗೆ ಕೆಲಸದಲ್ಲೂ ನಂಬಿಕೆ ಇಲ್ಲ. ಅವ್ರು ಒಪ್ಲಿಲ್ಲ, ಆದ್ರೂ ಬಂದ್ರು.

ಈ ಸಲ ದ್ರಾವಣ ಹೇಳಿದಷ್ಟೂ ಕುಡಿದೆ, ಕೊನೇ ಲೋಟ ಮೂಗು ಹಿಡ್ಕೊಂಡು. ಟೇಬಲ್ ಮೇಲೆ ಮಲಗಿದಾಗ ಆ ಹುಡುಗ ಸ್ಕೋಪ್ ತಂದ, ತಂದೋನು ಸ್ವಲ್ಪ ಹಿಂದೆಮುಂದೆ ನೋಡಿ "ಮೇಡಂ, ಇವತ್ತು ಏಳನೇ ನಂಬರೇ ಫ್ರೀ ಇರೋದು, ಬೇಡ ಅಂದ್ರೆ ಅರ್ಧ ಗಂಟೆ ಕಾದ್ರೆ ಬೇರೆ ಬರತ್ತೆ" ಅಂದ. ನಾನು ಚೀಟಿ ತೋರ್ಸು ಅಂದೆ. ಸ್ಕೋಪಿಗೆ ನೇತಾಕಿದ್ದ ಚೀಟಿ ನನ್ನ ಕಡೆ ತಿರುಗಿಸ್ದ: ಬೆಳಗಿನ ಸಮಯ, ಸೈಕಲ್ ನಂಬರು, ಕನೆಕ್ಟರ್ ಐದು ಅಂತ ಬರ್ದು ಎರಡು ಸಹಿ, ಏಳಕ್ಕೆ ಅದೇ ಅಡ್ಡಗೆರೆ. ಇದೇ ಇರ್ಲಿ ಅಂದೆ.

ಎದ್ದಾಗ ಇವ್ರು ರಿಪೋರ್ಟ್ ಓದ್ತಾ ಕೂತಿದ್ರು. "ಪಾಲಿಪ್ ಏನೂ ಇಲ್ಲ" ಅಂದ್ರು, ಆಮೇಲೆ ಕನ್ನಡಕ ಮೇಲೆತ್ತಿ, "ಇಲ್ನೋಡು, ಕರುಳಿನ ಸ್ವಚ್ಛತೆ ಉತ್ತಮ ಅಂತ ಬರ್ದಿದಾರೆ, ಪಾಸಾದೆ."